ಎಲ್ಲಿ, ಯಾವಾಗ, ಯಾರಿಗೆ: ತಂತ್ರಜ್ಞಾನ ಕಂಪನಿಗಳ ಸುಸ್ಥಿರತೆ ವರದಿ ಓದುವ ಬಗೆ

(ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ದೊಡ್ಡ ತಂತ್ರಜ್ಞಾನ ಕಂಪನಿಗಳು ವರ್ಷಕ್ಕೊಂದು ಸುಸ್ಥಿರತೆ ವರದಿ ಹೊರಡಿಸುತ್ತವೆ. ಪರಿಸರದ ವಿಷಯದಲ್ಲಿ ಏನು ಮಾಡಿದೆವು, ಕೆಲಸಗಾರರ ವಿಷಯದಲ್ಲಿ ಏನು ಮಾಡಿದೆವು, 2030ರೊಳಗೆ ಏನು ಮಾಡುತ್ತೇವೆ ಅಂತ ಅದರಲ್ಲಿ ಬರೆದಿರುತ್ತದೆ. ಮುಖಪುಟದ ಮೇಲೆ ಕಾಡು, ನದಿ, ಗಾಳಿಯಂತ್ರಗಳ ಚಿತ್ರ. ಒಳಗೆ ದಪ್ಪ ಅಕ್ಷರದಲ್ಲಿ ಅಂಕಿಗಳು. ಇದನ್ನೆಲ್ಲ ನೋಡಿ ಕೆಲವರು ಪೂರ್ತಿ ನಂಬುತ್ತಾರೆ. ಇನ್ನು ಕೆಲವರು ಎಲ್ಲಾ ಸುಳ್ಳು ಅಂತ ಬದಿಗಿಡುತ್ತಾರೆ. ಎರಡೂ ಸರಿಯಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ವರದಿಗಳನ್ನು ಓದುವುದು ನನಗೆ ತುಂಬಾ ಇಷ್ಟದ ಕೆಲಸ. ಓದಿ ಓದಿ ನನಗೆ ಅನ್ನಿಸಿದ್ದು ಇಷ್ಟು. ಅಂಕಿಗಳು ಹೆಚ್ಚಿನ ಸಲ ಸುಳ್ಳಾಗಿರುವುದಿಲ್ಲ, ಆದರೆ ಅವು ಸರಾಸರಿಗಳು. ಇಡೀ ವರ್ಷದ್ದು, ಇಡೀ ಪ್ರಪಂಚದ್ದು. ಹೊಗೆಯಾದರೋ ಒಂದು ಗೊತ್ತಾದ ಗಂಟೆಯಲ್ಲಿ ಏಳುತ್ತದೆ. ನೀರು ಒಂದು ಗೊತ್ತಾದ ಊರಿನಿಂದ ಖರ್ಚಾಗುತ್ತದೆ. ಹಾಗಾಗಿ ಯಾವುದೇ ಅಂಕಿ ಕಂಡರೂ ಕೇಳಬೇಕು: ಇದು ಎಲ್ಲಿಯದು, ಯಾವಾಗಿನದು, ಯಾರಿಗೆ ಸಂಬಂಧಪಟ್ಟದ್ದು? ಇವತ್ತು ನಾನು ಮಾತಾಡುವುದು ಇದರ ಬಗ್ಗೆಯೇ.

ಮೊದಲು ಇಂಗಾಲದ ಲೆಕ್ಕ. ಇದಕ್ಕೊಂದು ಒಪ್ಪಿತ ವಿಧಾನ ಇದೆ. ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಅಂತ ಅದರ ಹೆಸರು. ಮೊದಲ ಆವೃತ್ತಿ ಬಂದದ್ದು 2001ರಲ್ಲಿ. ಅದು ಹೊರಸೂಸುವಿಕೆಯನ್ನು ಮೂರು ಭಾಗ ಮಾಡುತ್ತದೆ. ಕಂಪನಿ ತಾನೇ ಸುಡುವ ಡೀಸೆಲ್, ಗ್ಯಾಸ್ ಇತ್ಯಾದಿ ಸ್ಕೋಪ್ 1. ಕೊಂಡುಕೊಂಡ ವಿದ್ಯುತ್ತಿನ ಹಿಂದಿರುವ ಹೊಗೆ ಸ್ಕೋಪ್ 2. ಉಳಿದದ್ದೆಲ್ಲ ಸ್ಕೋಪ್ 3: ಚಿಪ್ ಮಾಡಿಕೊಟ್ಟ ಕಾರ್ಖಾನೆ, ಕಟ್ಟಡಕ್ಕೆ ಬಳಸಿದ ಸಿಮೆಂಟು, ಉಕ್ಕು, ಸಾಗಣೆ, ನೌಕರರ ವಿಮಾನ ಪ್ರಯಾಣ, ಗ್ರಾಹಕರು ಆ ಸಾಧನವನ್ನು ಚಾರ್ಜ್ ಮಾಡಲು ಬಳಸುವ ಕರೆಂಟ್. ಸ್ಕೋಪ್ 3 ಒಂದರಲ್ಲೇ 15 ವಿಭಾಗಗಳಿವೆ.

ತಂತ್ರಜ್ಞಾನ ಕಂಪನಿಗಳ ಕತೆ ಇರುವುದೇ ಈ ಮೂರನೆಯದರಲ್ಲಿ. ಮೈಕ್ರೋಸಾಫ್ಟ್‌ನ ಉದಾಹರಣೆ ನೋಡೋಣ. 2020ರ ಜನವರಿಯಲ್ಲಿ ಆ ಕಂಪನಿ ದೊಡ್ಡ ಮಾತು ಕೊಟ್ಟಿತು. 2030ರೊಳಗೆ ತಾನು ಹೊರಬಿಡುವುದಕ್ಕಿಂತ ಜಾಸ್ತಿ ಇಂಗಾಲವನ್ನು ಗಾಳಿಯಿಂದ ತೆಗೆಯುತ್ತೇನೆ ಅಂದಿತು. ಅಷ್ಟೇ ಅಲ್ಲ, 1975ರಲ್ಲಿ ಶುರುವಾದಾಗಿನಿಂದ ಸ್ವಂತ ಚಟುವಟಿಕೆ ಮತ್ತು ಕರೆಂಟಿನಿಂದ ಹೊರಬಿಟ್ಟ ಇಂಗಾಲವನ್ನೆಲ್ಲ 2050ರೊಳಗೆ ತೆಗೆಯುತ್ತೇನೆ ಅಂದಿತು. ಹಳೆಯ ಬಾಕಿಯನ್ನೂ ತೀರಿಸುತ್ತೇನೆ ಎಂದು ಯಾರೂ ಕೇಳದೆ ಒಂದು ಕಂಪನಿ ಒಪ್ಪಿಕೊಂಡದ್ದು ಸಣ್ಣ ವಿಷಯ ಅಲ್ಲ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ.

ಆಮೇಲೆ ಏನಾಯಿತು? 2024ರ ವರದಿಯಲ್ಲಿ ಅವರೇ ಕೊಟ್ಟ ಲೆಕ್ಕದ ಪ್ರಕಾರ ಸ್ಕೋಪ್ 1 ಮತ್ತು 2 ಸೇರಿ 2020ಕ್ಕಿಂತ ಶೇ. 6.3 ಇಳಿದಿತ್ತು. ಸ್ಕೋಪ್ 3 ಮಾತ್ರ ಶೇ. 30.9 ಏರಿತ್ತು. ಎಲ್ಲಾ ಸೇರಿಸಿದರೆ ಶೇ. 29.1 ಏರಿಕೆ. ಮುಂದಿನ ವರ್ಷದ ವರದಿಯಲ್ಲಿ ಈ ಏರಿಕೆ ಶೇ. 23.4ಕ್ಕೆ ಬಂದಿತ್ತು. ಸ್ವಲ್ಪ ತಗ್ಗಿತು, ಆದರೆ 2020ಕ್ಕಿಂತ ಮೇಲೆಯೇ ಇತ್ತು. ಕಾರಣ ಗುಟ್ಟಿನದೇನಲ್ಲ. ಕ್ಲೌಡ್ ಮತ್ತು ಕೃತಕ ಬುದ್ಧಿಮತ್ತೆಗಾಗಿ ಡೇಟಾ ಸೆಂಟರ್‌ಗಳನ್ನು, ಅಂದರೆ ಸಾಲು ಸಾಲು ಕಂಪ್ಯೂಟರ್‌ಗಳು ಹಗಲೂ ರಾತ್ರಿ ಓಡುವ ಕಟ್ಟಡಗಳನ್ನು, ಒಂದರ ಹಿಂದೆ ಒಂದು ಕಟ್ಟಿದರು. ಅದಕ್ಕೆ ಕಾಂಕ್ರೀಟು, ಉಕ್ಕು, ಚಿಪ್, ಸರ್ವರ್ ರಾಕ್ ಎಲ್ಲಾ ಬೇಕಾಯಿತು. ಅವುಗಳ ಹೊಗೆ ಸ್ಕೋಪ್ 3ರಲ್ಲಿ ಬಂದು ಕೂತಿತು.

ಇಲ್ಲಿ ಗಮನಿಸಿ. ಅದೇ ವರದಿಯಿಂದ 'ಸ್ಕೋಪ್ 1, 2 ಇಳಿದಿದೆ' ಅನ್ನುವ ಸಾಲನ್ನಷ್ಟೇ ಎತ್ತಿ ಒಂದು ಸುದ್ದಿ ಬರೆಯಬಹುದು. 'ಒಟ್ಟು ಏರಿದೆ' ಅನ್ನುವುದನ್ನು ಎತ್ತಿ ಇನ್ನೊಂದು ಬರೆಯಬಹುದು. ಎರಡೂ ನಿಜ. ಆದರೆ ವಾತಾವರಣಕ್ಕೆ ಲೆಕ್ಕ ಆಗುವುದು ಒಟ್ಟು ಟನ್ನುಗಳು. ಕಂಪನಿಯ ಹೊರಸೂಸುವಿಕೆಯಲ್ಲಿ ಸ್ಕೋಪ್ 3ರ ಪಾಲು ಶೇ. 95ಕ್ಕಿಂತ ಜಾಸ್ತಿ ಇರುವಾಗ ಉಳಿದ ಪುಟ್ಟ ಭಾಗ ಇಳಿದ ಸುದ್ದಿ ಎಷ್ಟು ದೊಡ್ಡದು, ನೀವೇ ಹೇಳಿ.

ದಕ್ಷತೆಯ ಮಾತೂ ಹೀಗೇ. ಡೇಟಾ ಸೆಂಟರ್‌ಗೆ ಬರುವ ಒಟ್ಟು ಕರೆಂಟನ್ನು ಕಂಪ್ಯೂಟರ್‌ಗಳು ಬಳಸುವ ಕರೆಂಟಿನಿಂದ ಭಾಗಿಸಿದರೆ ಪಿಯುಇ ಅನ್ನುವ ಅಂಕಿ ಸಿಗುತ್ತದೆ. 1ಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಗೂಗಲ್‌ನ ಸರಾಸರಿ 2024ರಲ್ಲಿ 1.09 ಇತ್ತು. ಅಂದರೆ ತಂಪು ಮಾಡಲು, ಇತರ ಖರ್ಚಿಗೆ ಹೋಗುವುದು ತೀರಾ ಕಡಿಮೆ. ಎಂಜಿನಿಯರುಗಳ ಬಹಳ ಒಳ್ಳೆಯ ಕೆಲಸ ಇದು. ಆದರೆ ಗಾಡಿಯ ಮೈಲೇಜ್ ಹೆಚ್ಚಾಯಿತು ಅಂತ ದಿನಾ ಎರಡು ಪಟ್ಟು ದೂರ ಓಡಿಸಿದರೆ ಪೆಟ್ರೋಲ್ ಖರ್ಚು ಇಳಿಯುತ್ತದಾ? ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಪ್ರಪಂಚದ ಡೇಟಾ ಸೆಂಟರ್‌ಗಳು ಬಳಸಿದ ವಿದ್ಯುತ್ತು ಸುಮಾರು 415 ಟೆರಾವ್ಯಾಟ್ ಗಂಟೆ. ಇದು ಪ್ರಪಂಚದ ಒಟ್ಟು ಬಳಕೆಯ ಶೇ. 1.5ರಷ್ಟು. 2030ರ ಹೊತ್ತಿಗೆ ಇದು 945ರ ಹತ್ತಿರ ಹೋಗಬಹುದು ಅಂತ ಅದೇ ಸಂಸ್ಥೆ ಹೇಳಿದೆ. ಎರಡು ಪಟ್ಟಿಗೂ ಜಾಸ್ತಿ.

ಇನ್ನು 'ಶೇ. 100 ನವೀಕರಿಸಬಹುದಾದ ಇಂಧನ' ಅನ್ನುವ ಮಾತು. ಈ ಸಾಲಿನ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕಂದರೆ ಜನ ಇದನ್ನೇ ಅತಿ ಹೆಚ್ಚು ತಪ್ಪಾಗಿ ತಿಳಿದುಕೊಳ್ಳುತ್ತಾರೆ. ಗೂಗಲ್ 2017ರಿಂದ ವರ್ಷವಿಡೀ ಬಳಸಿದಷ್ಟು ವಿದ್ಯುತ್ತಿಗೆ ಸಮನಾಗಿ ಗಾಳಿ ಮತ್ತು ಸೂರ್ಯನ ವಿದ್ಯುತ್ತನ್ನು ಕೊಳ್ಳುತ್ತಾ ಬಂದಿದೆ. ಅಮೆಜಾನ್ ಈ ಮಟ್ಟವನ್ನು 2023ರಲ್ಲಿ ಮುಟ್ಟಿದೆ, ತಾನೇ ಇಟ್ಟುಕೊಂಡ 2030ರ ಗಡುವಿಗಿಂತ ಎಷ್ಟೋ ಮೊದಲು. ಇದರರ್ಥ ಅವರ ಸರ್ವರ್‌ಗಳು ಸದಾ ಸೌರಶಕ್ತಿಯಿಂದ ಓಡುತ್ತವೆ ಅಂತ ಅಲ್ಲ. ರಾತ್ರಿ ಸೂರ್ಯ ಇರುವುದಿಲ್ಲ, ಸರ್ವರ್ ಮಲಗುವುದಿಲ್ಲ. ಆ ಹೊತ್ತಿನಲ್ಲಿ ಆ ಡೇಟಾ ಸೆಂಟರ್ ಇರುವ ಕಡೆಯ ಗ್ರಿಡ್, ಅಂದರೆ ವಿದ್ಯುತ್ ಜಾಲ, ಕಲ್ಲಿದ್ದಲು ಸುಡುತ್ತಿದ್ದರೆ, ಅಲ್ಲಿ ಉರಿಯುವುದು ಕಲ್ಲಿದ್ದಲೇ. ಎಲ್ಲೋ ಇನ್ನೊಂದು ಕಡೆ, ಇನ್ನೊಂದು ಹೊತ್ತಿನಲ್ಲಿ ಕೊಂಡ ಸೌರ ವಿದ್ಯುತ್ತನ್ನು ವರ್ಷದ ಕೊನೆಗೆ ಇದಕ್ಕೆ ಹೊಂದಿಸಿ ಲೆಕ್ಕ ಮುಚ್ಚುತ್ತಾರೆ. ನಿಯಮದ ಪ್ರಕಾರ ಇದು ಸರಿ. ಸ್ಕೋಪ್ 2ಕ್ಕೆ 2015ರಿಂದ ಎರಡು ಲೆಕ್ಕ ಕೊಡುವ ಪದ್ಧತಿ ಇದೆ. ಒಂದು ಜಾಗದ ಗ್ರಿಡ್ ಆಧರಿಸಿದ್ದು, ಇನ್ನೊಂದು ಕಂಪನಿಯ ಖರೀದಿ ಒಪ್ಪಂದ ಆಧರಿಸಿದ್ದು. ಮುಖಪುಟಕ್ಕೆ ಬರುವುದು ಸಾಮಾನ್ಯವಾಗಿ ಎರಡನೆಯದು. ಮೊದಲನೆಯದು ಹಿಂದಿನ ಪುಟಗಳ ಕೋಷ್ಟಕದಲ್ಲಿರುತ್ತದೆ. ದಯವಿಟ್ಟು ಅದನ್ನೂ ಹುಡುಕಿ ನೋಡಿ.

ಈ ವಿಷಯದಲ್ಲಿ ಗೂಗಲ್ ಒಂದು ಹೆಜ್ಜೆ ಮುಂದೆ ಹೋಯಿತು. ತಾನು ಓಡುವ ಪ್ರತಿ ಗ್ರಿಡ್‌ನಲ್ಲಿ, ಪ್ರತಿ ಗಂಟೆಯೂ ಇಂಗಾಲವಿಲ್ಲದ ವಿದ್ಯುತ್ತನ್ನೇ ಬಳಸಬೇಕು, ಅದೂ 2030ರೊಳಗೆ, ಅಂತ 2020ರಲ್ಲಿ ಗುರಿ ಇಟ್ಟುಕೊಂಡಿತು. ಹೀಗೆ ಅಳೆದ ಕೂಡಲೇ ಶೇ. 100 ಇದ್ದದ್ದು ಶೇ. 64 ಆಯಿತು. ಅದು 2023ರ ಅಂಕಿ. 2024ರಲ್ಲಿ ಶೇ. 66. ಅದರೊಳಗೂ ಹೊಕ್ಕು ನೋಡಿದರೆ ಕೆಲವು ಗ್ರಿಡ್‌ಗಳಲ್ಲಿ ಶೇ. 90 ದಾಟಿದೆ, ಏಷ್ಯಾದ ಕೆಲವು ಕಡೆ ಶೇ. 20ಕ್ಕಿಂತ ಕಡಿಮೆ ಇದೆ. ನನ್ನ ಮಟ್ಟಿಗೆ ಆ 66 ಅನ್ನುವ ಅಂಕಿಗೆ ಹಳೆಯ 100ಕ್ಕಿಂತ ಬೆಲೆ ಜಾಸ್ತಿ. ಯಾವ ಗ್ರಿಡ್‌ನಲ್ಲಿ, ಯಾವ ಹೊತ್ತಿನಲ್ಲಿ ಬ್ಯಾಟರಿ ಬೇಕು, ಭೂಶಾಖದ ವಿದ್ಯುತ್ತು ಬೇಕು, ಕೆಲಸವನ್ನು ಬೇರೆ ಹೊತ್ತಿಗೆ ಮುಂದೂಡಬೇಕು ಅನ್ನುವುದನ್ನು ಅದು ತೋರಿಸಿಕೊಡುತ್ತದೆ. ವರ್ಷದ ಸರಾಸರಿ ಇದನ್ನು ತೋರಿಸುವುದೇ ಇಲ್ಲ. ಹಾಗಂತ ಇದರಿಂದಲೇ ಎಲ್ಲಾ ಸರಿಹೋಗಿಲ್ಲ. 2023ರಲ್ಲಿ ಆ ಕಂಪನಿಯ ಒಟ್ಟು ಹೊರಸೂಸುವಿಕೆ 1.43 ಕೋಟಿ ಟನ್ ಇತ್ತು. 2019ಕ್ಕಿಂತ ಶೇ. 48 ಜಾಸ್ತಿ.

ಇಂಗಾಲವನ್ನು 'ಸರಿದೂಗಿಸುವ' ಮಾತಿಗೆ ಬರೋಣ. ಎಲ್ಲೋ ಮರ ನೆಟ್ಟು, ಅದು ಹೀರುವ ಇಂಗಾಲವನ್ನು ನಮ್ಮ ಹೊಗೆಯಿಂದ ಕಳೆಯುವ ಪದ್ಧತಿ. ಆಪಲ್ 2023ರಲ್ಲಿ ತನ್ನ ಕೆಲವು ಕೈಗಡಿಯಾರಗಳನ್ನು ಇಂಗಾಲ-ತಟಸ್ಥ ಅಂತ ಕರೆಯಿತು. ಸಾಧನದ ಹೊರಸೂಸುವಿಕೆಯನ್ನು ಮುಕ್ಕಾಲು ಪಾಲಿಗೂ ಹೆಚ್ಚು ಇಳಿಸಿ, ಉಳಿದದ್ದಕ್ಕೆ ಮರಗಳ ಕ್ರೆಡಿಟ್ ಕೊಂಡಿರುವುದಾಗಿ ಹೇಳಿತು. 2025ರ ಆಗಸ್ಟ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನ್ಯಾಯಾಲಯ ಆ ಜಾಹೀರಾತನ್ನು ತಡೆಯಿತು. ಕಾರಣ ಬಹಳ ಸರಳ. ಮರಗಳಿದ್ದದ್ದು ಪರಗ್ವೆಯ ನೀಲಗಿರಿ ತೋಪುಗಳಲ್ಲಿ. ಆ ಜಮೀನಿನ ಮುಕ್ಕಾಲು ಭಾಗದ ಗುತ್ತಿಗೆ 2029ಕ್ಕೆ ಮುಗಿಯುತ್ತಿತ್ತು. ಇಂಗಾಲ ಗಾಳಿಯಲ್ಲಿ ನೂರಾರು ವರ್ಷ ಇರುತ್ತದೆ. ಮರದ ಭರವಸೆ ಇದ್ದದ್ದು ನಾಲ್ಕು ವರ್ಷಕ್ಕೆ. 'ಯಾವಾಗ' ಅನ್ನುವ ಪ್ರಶ್ನೆಯನ್ನು ಇಲ್ಲಿ ನ್ಯಾಯಾಲಯವೇ ಕೇಳಿತು. ನನಗೆ ಬೇಸರ ಆಗುವುದು ಏನೆಂದರೆ, ನಿಜವಾದ ಸಾಧನೆ ಆ ಮುಕ್ಕಾಲು ಪಾಲು ಇಳಿಕೆ. 'ಇಂಗಾಲ-ತಟಸ್ಥ' ಅನ್ನುವ ಹಣೆಪಟ್ಟಿಯ ಆಸೆಗೆ ಅದು ಯಾರ ಕಣ್ಣಿಗೂ ಬೀಳದೆ ಹೋಯಿತು.

ನೀರಿನ ವಿಷಯದಲ್ಲಿ ಸರಾಸರಿಗೆ ಅರ್ಥವೇ ಇಲ್ಲ. ಒಂದು ಕಣಿವೆಯಲ್ಲಿ ಖಾಲಿಯಾದ ನೀರನ್ನು ಇನ್ನೊಂದು ಖಂಡದ ಕೆರೆ ತುಂಬಿಸಿ ಸರಿಪಡಿಸಲು ಆಗುವುದಿಲ್ಲ. ಆದರೂ 'ಬಳಸಿದ್ದಕ್ಕಿಂತ ಹೆಚ್ಚು ನೀರು ವಾಪಸ್ ಕೊಡುತ್ತೇವೆ' ಅನ್ನುವ ಗುರಿಯನ್ನು ಹಲವು ಕಂಪನಿಗಳು ಇಟ್ಟುಕೊಂಡಿವೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ದ ಡ್ಯಾಲ್ಸ್ ಅನ್ನುವ ಸಣ್ಣ ಊರಿದೆ. ಅಲ್ಲಿ ಗೂಗಲ್‌ನ ಡೇಟಾ ಸೆಂಟರ್‌ಗಳಿವೆ. ಎಷ್ಟು ನೀರು ಬಳಸುತ್ತಾರೆ ಅಂತ ಆ ರಾಜ್ಯದ ಪತ್ರಿಕೆಯೊಂದು ಕೇಳಿತು. ಅದು ವ್ಯಾಪಾರದ ಗುಟ್ಟು ಅಂತ ಹೇಳಿ ಊರಿನ ಆಡಳಿತವೇ ಕೋರ್ಟಿಗೆ ಹೋಯಿತು. ಕೊನೆಗೆ 2022ರಲ್ಲಿ ರಾಜಿಯಾಗಿ ಲೆಕ್ಕ ಹೊರಬಂತು. ಊರಿನ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಅಲ್ಲಿಗೇ ಹೋಗುತ್ತಿತ್ತು. ಇಡೀ ಪ್ರಪಂಚದ ಮೊತ್ತ ಓದಿದವರಿಗೆ ಇದು ಎಂದಿಗೂ ಗೊತ್ತಾಗುತ್ತಿರಲಿಲ್ಲ. ಈಗ ಆ ಕಂಪನಿಯ ವರದಿಯಲ್ಲಿ ಜಾಗವಾರು ನೀರಿನ ಕೋಷ್ಟಕ ಇದೆ. ಕೇಳುವವರಿದ್ದರೆ ಲೆಕ್ಕ ಹೊರಬರುತ್ತದೆ ಅಲ್ವಾ?

ನೀರಿಗೂ ಕರೆಂಟಿಗೂ ಒಂದು ಕೊಂಡಿ ಇದೆ. ನೀರನ್ನು ಆವಿ ಮಾಡಿ ತಂಪು ಮಾಡಿದರೆ ಕರೆಂಟ್ ಉಳಿಯುತ್ತದೆ, ನೀರು ಹೋಗುತ್ತದೆ. ಮುಚ್ಚಿದ ಕೊಳವೆಯಲ್ಲಿ ಅದೇ ನೀರನ್ನು ಸುತ್ತಿಸಿದರೆ ನೀರು ಉಳಿಯುತ್ತದೆ, ಕರೆಂಟ್ ಸ್ವಲ್ಪ ಜಾಸ್ತಿ ಬೇಕಾಗಬಹುದು. ಮೈಕ್ರೋಸಾಫ್ಟ್ 2024ರಲ್ಲಿ ನೀರನ್ನು ಆವಿ ಮಾಡದ ಹೊಸ ವಿನ್ಯಾಸಕ್ಕೆ ಹೋಗುವುದಾಗಿ ಹೇಳಿತು. ನೀರಿಗೆ ಬರ ಇರುವ ಕಡೆ ಇದೇ ಸರಿ. ನೀರು ಧಾರಾಳವಾಗಿದ್ದು ಗ್ರಿಡ್‌ನ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನಿಂದ ಬರುವ ಕಡೆ ಉತ್ತರ ಬೇರೆ ಇರಬಹುದು. ಜಾಗ ನೋಡದೆ ಇದನ್ನು ತೀರ್ಮಾನಿಸಲು ಬರುವುದಿಲ್ಲ.

ಈಗ ಜನರ ವಿಷಯ. ವರದಿಯಲ್ಲಿ 'ಸಾಮಾಜಿಕ' ಅನ್ನುವ ಅಧ್ಯಾಯದಲ್ಲಿ ಕಚೇರಿಯ ನೌಕರರ ಬಗ್ಗೆ ತುಂಬಾ ಪುಟಗಳಿರುತ್ತವೆ. ಎಷ್ಟು ಮಹಿಳೆಯರಿದ್ದಾರೆ, ಎಷ್ಟು ತರಬೇತಿ ಕೊಟ್ಟರು, ಎಷ್ಟು ದಾನ ಕೊಟ್ಟರು. ಅವೂ ಬೇಕು. ಆದರೆ ನಾನು ನೇರವಾಗಿ ಸರಬರಾಜುದಾರರ ಪುಟಕ್ಕೆ ಹೋಗುತ್ತೇನೆ. ಸಾಧನ ತಯಾರಿಸುವ ಕೈಗಳು ಇರುವುದು ಅಲ್ಲಿ.

ಅಲ್ಲಿ ಒಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಕೆಲಸಕ್ಕೆ ಸೇರಲು ಏಜೆಂಟನಿಗೆ ಕೊಡುವ ಹಣ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಬೇರೆ ದೇಶದಿಂದ ಬಂದ ಕೆಲಸಗಾರರು ತುಂಬಾ ಇದ್ದಾರೆ. ಆ ಕೆಲಸ ಸಿಗಲು ಅವರು ಊರಿನಲ್ಲೇ ಏಜೆಂಟನಿಗೆ ತಿಂಗಳುಗಟ್ಟಲೆ ಸಂಬಳದಷ್ಟು ಹಣ ಕೊಟ್ಟಿರುತ್ತಾರೆ. ಅದೂ ಬಡ್ಡಿ ಸಾಲ ಮಾಡಿ. ಕೆಲಸದ ಜಾಗದಲ್ಲಿ ತೊಂದರೆಯಾದರೂ ಬಿಟ್ಟು ಹೋಗುವಂತಿಲ್ಲ, ಸಾಲ ತೀರಬೇಕಲ್ಲ. ಕೆಲವು ಕಡೆ ಪಾಸ್‌ಪೋರ್ಟೂ ಮಾಲೀಕರ ಬಳಿ ಇರುತ್ತದೆ. ಬೇಲಿ ಇಲ್ಲ, ಕಾವಲುಗಾರನಿಲ್ಲ, ಆದರೂ ಇದು ಜೀತವೇ. ಸಂಬಳ ಸರಿಯಾಗಿದೆಯಾ ಅಂತಷ್ಟೇ ನೋಡುವ ತಪಾಸಣೆಯಲ್ಲಿ ಇದು ಕಾಣುವುದಿಲ್ಲ.

ಇದರಲ್ಲಿ ಪ್ರಗತಿ ಆಗಿದೆ, ಅದನ್ನು ಸಂತೋಷದಿಂದ ಹೇಳುತ್ತೇನೆ. ಉದ್ಯಮದ ಒಕ್ಕೂಟವಾದ ರೆಸ್ಪಾನ್ಸಿಬಲ್ ಬಿಸಿನೆಸ್ ಅಲೈಯನ್ಸ್‌ನ ನೀತಿಸಂಹಿತೆಯ ಪ್ರಕಾರ ಕೆಲಸಗಾರ ಇಂಥ ಹಣ ಕೊಡಬೇಕಿಲ್ಲ. ಕೊಟ್ಟಿದ್ದರೆ ವಾಪಸ್ ಸಿಗಬೇಕು. ವಾರಕ್ಕೆ 60 ಗಂಟೆಯ ಮಿತಿ, ಏಳು ದಿನಕ್ಕೊಂದು ರಜೆ ಅನ್ನುವ ನಿಯಮಗಳೂ ಅದರಲ್ಲಿವೆ. ಎಚ್‌ಪಿ 2014ರಲ್ಲಿ ವಲಸೆ ಕೆಲಸಗಾರರಿಗಾಗಿಯೇ ಪ್ರತ್ಯೇಕ ನಿಯಮ ತಂದಿತು. ಆಪಲ್ 2008ರಿಂದ ತನ್ನ ಸರಬರಾಜುದಾರರ ಕೈಯಿಂದ ಇಂಥ ಹಣವನ್ನು ವಾಪಸ್ ಕೊಡಿಸುತ್ತಾ ಬಂದಿದೆ. ಆ ಮೊತ್ತ 3 ಕೋಟಿ ಡಾಲರ್ ದಾಟಿದೆ. ಸಾವಿರಾರು ಜನರ ಕೈಗೆ ನಿಜವಾಗಿ ಸೇರಿದ ಹಣ ಅದು. 'ಶೇ. 95ರಷ್ಟು ನಿಯಮ ಪಾಲನೆ' ಅನ್ನುವ ಸಾಲಿಗಿಂತ 'ಇಷ್ಟು ಜನರಿಗೆ ಇಷ್ಟು ಹಣ ವಾಪಸ್' ಅನ್ನುವ ಸಾಲು ನನಗೆ ಮುಖ್ಯ. ಯಾಕಂದರೆ ಉಳಿದ ಶೇ. 5ರಲ್ಲೂ ಜನ ಇದ್ದಾರೆ.

ಗಣಿಯ ಕಡೆ ಹೋದರೆ ಉತ್ತರ ಇನ್ನೂ ಕಷ್ಟ. ಬ್ಯಾಟರಿಗೆ ಬೇಕಾದ ಕೋಬಾಲ್ಟ್‌ನಲ್ಲಿ ಹೆಚ್ಚಿನದು ಬರುವುದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಿಂದ. ಅಲ್ಲಿ ದೊಡ್ಡ ಯಂತ್ರದ ಗಣಿಗಳಿವೆ, ಕೈಯಲ್ಲೇ ಅಗೆಯುವ ಗುಂಡಿಗಳೂ ಇವೆ. ಆ ಗುಂಡಿಗಳಲ್ಲಿ ಮಕ್ಕಳು ದುಡಿಯುತ್ತಿದ್ದಾರೆ ಅಂತ ಮಾನವ ಹಕ್ಕುಗಳ ಸಂಸ್ಥೆಯಾದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ವರದಿ ಮಾಡಿತು. ಆಮೇಲೆ ಕೆಲವು ಕಂಪನಿಗಳು ಕೋಬಾಲ್ಟ್ ಶುದ್ಧೀಕರಿಸುವ ಘಟಕಗಳ ಪಟ್ಟಿ ಬಹಿರಂಗ ಮಾಡಿದವು. ಒಳ್ಳೆಯದಾಯಿತು. ಆದರೆ ಕೈಗಣಿಯಿಂದ ಕೊಳ್ಳುವುದನ್ನೇ ಸುಮ್ನೆ ನಿಲ್ಲಿಸಿದರೆ ವರದಿ ಶುದ್ಧವಾಗುತ್ತದೆ, ಅಗೆದು ಬದುಕುವ ಕುಟುಂಬದ ಆದಾಯ ಹೋಗುತ್ತದೆ, ಮಗುವಿಗೆ ಶಾಲೆ ಸಿಗುವುದಿಲ್ಲ. ಅಲ್ಲೇ ನಿಂತು ಗುಂಡಿಯನ್ನು ಸುರಕ್ಷಿತ ಮಾಡುವುದು, ತೂಕ ಮತ್ತು ಬೆಲೆಯಲ್ಲಿ ಮೋಸ ಆಗದಂತೆ ನೋಡುವುದು ನಿಧಾನದ ಕೆಲಸ. ಆ ನಿಧಾನದ ಕೆಲಸಕ್ಕೆ ಹಣ ಹಾಕಿದ ಕಂಪನಿಯ ಮೇಲೆ ನನಗೆ ಹೆಚ್ಚು ಗೌರವ.

ಇ-ಕಸದ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಪ್ರಪಂಚದಲ್ಲಿ 6.2 ಕೋಟಿ ಟನ್ ಇ-ಕಸ ಬಂತು. ದಾಖಲೆ ಇಟ್ಟು ಸಂಗ್ರಹಿಸಿ ಮರುಬಳಕೆಗೆ ಕಳಿಸಿದ್ದು ಶೇ. 22.3 ಮಾತ್ರ. ವರದಿಗಳಲ್ಲಿ 'ಇಷ್ಟು ಟನ್ ಮರುಬಳಕೆ ಮಾಡಿದೆವು' ಅಂತ ಇರುತ್ತದೆ. ಸಾಧನ ಎಷ್ಟು ವರ್ಷ ಬಾಳಿತು ಅನ್ನುವ ಅಂಕಿ ಮಾತ್ರ ಇರುವುದು ಅಪರೂಪ. ಮೊಬೈಲ್‌ನ ಇಂಗಾಲದಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಹೊರಟಿರುತ್ತದೆ. ಹಾಗಾಗಿ ಇನ್ನೆರಡು ವರ್ಷ ಹೆಚ್ಚು ಬಳಸುವುದಕ್ಕೆ ಸಮನಾದ ಉಪಾಯ ಇಲ್ಲ. ಬಳಸಲು ಬ್ಯಾಟರಿ ಬದಲಿಸಲು ಬರಬೇಕು, ಬಿಡಿಭಾಗ ಸಿಗಬೇಕು, ಸಾಫ್ಟ್‌ವೇರ್ ಅಪ್‌ಡೇಟ್ ಬರಬೇಕು. ಯುರೋಪಿನ ಒಕ್ಕೂಟ 2025ರ ಜೂನ್‌ನಿಂದ ಇದನ್ನು ಕಾನೂನನ್ನಾಗಿಯೇ ಮಾಡಿದೆ. ಮಾದರಿಯ ಮಾರಾಟ ನಿಂತ ಮೇಲೂ 5 ವರ್ಷ ಅಪ್‌ಡೇಟ್, 7 ವರ್ಷ ಬಿಡಿಭಾಗ. ಇನ್ನೊಂದು ಕಡೆ, ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿ ಓಡುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳು ಹೊಸ ಆವೃತ್ತಿಯ ಷರತ್ತಿಗೆ ಹೊಂದುವುದಿಲ್ಲ. ಅಪ್‌ಡೇಟ್‌ನ ತೀರ್ಮಾನ ಸಾಫ್ಟ್‌ವೇರ್ ವಿಭಾಗದ್ದು, ಕಸದ ಗುರಿ ಸುಸ್ಥಿರತೆ ವಿಭಾಗದ್ದು. ಈ ಎರಡು ವಿಭಾಗಗಳು ಒಂದೇ ಮೇಜಿಗೆ ಬರಲೇಬೇಕು.

ಕೊನೆಗೆ ಸಭಿಕರೊಬ್ಬರು ಕೇಳಿದರು: 2030ರ ಗುರಿ ತಪ್ಪುವುದು ಖಚಿತ ಅಂತಾದರೆ ಅದನ್ನು ಕೈಬಿಡುವುದೇ ಪ್ರಾಮಾಣಿಕತೆ ಅಲ್ಲವೇ, ಸರ್?

ಇಲ್ಲ ಅಂತ ಹೇಳಿದೆ. ಗುರಿ ಇದ್ದರೆ ತಾನೇ ಎಷ್ಟು ತಪ್ಪಿದೆವು ಅಂತ ಗೊತ್ತಾಗುವುದು. ಅಮೆಜಾನ್ ತನ್ನ ಪಾರ್ಸೆಲ್‌ಗಳಲ್ಲಿ ಅರ್ಧದಷ್ಟನ್ನು 2030ರೊಳಗೆ ಇಂಗಾಲ-ಮುಕ್ತ ಮಾಡುವ ಗುರಿ ಇಟ್ಟುಕೊಂಡಿತ್ತು. 2023ರಲ್ಲಿ ಅದನ್ನು ಕೈಬಿಟ್ಟು, 2040ರ ಒಟ್ಟು ಗುರಿಯೊಳಗೆ ಸೇರಿಸಿತು. ಈಗ 2030ರಲ್ಲಿ ಪಾರ್ಸೆಲ್ ವಿಷಯ ಎಲ್ಲಿಗೆ ಬಂತು ಅಂತ ಕೇಳಲು ನಮಗೆ ಗೆರೆಯೇ ಇಲ್ಲ. ಇದಕ್ಕಿಂತ, ಏರಿಕೆಯನ್ನು ಒಪ್ಪಿಕೊಂಡು, ಕಾರಣ ಹೇಳಿ, ಗುರಿಯನ್ನು ಅಲ್ಲೇ ಇಟ್ಟುಕೊಂಡಿರುವ ಕಂಪನಿಯೇ ಮೇಲು.

ಇನ್ನೊಬ್ಬರು ಕಂಪನಿಯೊಂದರಲ್ಲಿ ಖರೀದಿ ವಿಭಾಗದಲ್ಲಿದ್ದಾರಂತೆ. ನಾನೇನು ಮಾಡಬಹುದು ಸರ್, ಯಾರನ್ನು ಕೇಳಬೇಕು ಅಂದರು. ಆ ಪ್ರಶ್ನೆ ಬಂದದ್ದು ನನಗೆ ತುಂಬಾ ಖುಷಿ ಕೊಟ್ಟಿತು, ಯಾಕಂದರೆ ಸ್ಕೋಪ್ 3ರ ದೊಡ್ಡ ಪಾಲು ಇಂಥವರ ಕೈಯಲ್ಲಿದೆ. ಟೆಂಡರ್ ಕರೆಯುವಾಗ ಬೆಲೆ, ಗುಣಮಟ್ಟ, ಗಡುವಿನ ಜೊತೆ ಇನ್ನು ಮೂರು ಕಾಲಂ ಸೇರಿಸಿ ಅಂದೆ. ಆ ಕಾರ್ಖಾನೆಗೆ ಬರುವ ಕರೆಂಟ್ ಯಾವ ಗ್ರಿಡ್‌ನದು. ನೀರು ಯಾವ ಮೂಲದ್ದು. ಅಲ್ಲಿನ ಕೆಲಸಗಾರರಲ್ಲಿ ಯಾರಾದರೂ ಕೆಲಸಕ್ಕಾಗಿ ಹಣ ಕೊಟ್ಟಿದ್ದಾರಾ, ಕೊಟ್ಟಿದ್ದರೆ ಅದು ವಾಪಸ್ ಬಂತಾ. ಮೊದಲ ವರ್ಷ ಹೆಚ್ಚಿನವರು ಆ ಕಾಲಂಗಳನ್ನು ಖಾಲಿ ಬಿಡುತ್ತಾರೆ. ಎರಡನೇ ವರ್ಷ ಖಾಲಿ ಬಿಟ್ಟವರಿಗೆ ಅಂಕ ಕಡಿಮೆ ಕೊಡಿ.